ಕಂಪ್ಯೂಟರಿನೊಳಗಿನ ಮೇಡಂ ಊಟ ಮಾಡಿದ್ದರೋ ಇಲ್ಲವೋ

ಮೊದಲೇ ಹೇಳಿಬಿಡುತ್ತೇನೆ, ನನಗೆ ಇಂಗ್ಲಿಷ್ ಬರುತ್ತಿತ್ತು. ಇಷ್ಟು ಎದೆ ತಟ್ಟಿಕೊಂಡು ಯಾಕೆ ಹೇಳುತ್ತೀ ಎಂದು ಕೇಳಬೇಡಿ. ಮೂರು ವರ್ಷದ ಹಿಂದೆ ಒಂದು ಕಂಪ್ಯೂಟರು ನನಗೆ ಇಂಗ್ಲಿಷ್ ಬರುವುದಿಲ್ಲವೆಂದು ತೀರ್ಪು ಕೊಟ್ಟಿತ್ತು, ಆ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಆದರೆ ಸಿಟ್ಟಿನ ಬೆನ್ನಿಗೇ ನಗು ಬಂದುಬಿಡುತ್ತದೆ. ಈ ಕತೆಯನ್ನು ನಾನು ಯಾರಿಗೂ ನೆಟ್ಟಗೆ ಹೇಳಿ ಮುಗಿಸಿದ್ದಿಲ್ಲ. ಅರ್ಧಕ್ಕೆ ಬರುವಷ್ಟರಲ್ಲಿ ಹೊಟ್ಟೆ ಹಿಡಿದುಕೊಂಡು ಕೂತುಬಿಡುತ್ತೇನೆ. ಬರೆಯುವಾಗಲಾದರೂ ಗಂಭೀರವಾಗಿರೋಣ ಎಂದುಕೊಂಡಿದ್ದೇನೆ, ನೋಡೋಣ.

ನಮ್ಮದು ಶಹಾಬಾದ. ಅಪ್ಪ ನೆಲಕ್ಕೆ ಹಾಸುವ ಫರ್ಸಿ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ಯಂತ್ರ ನಡೆಸುತ್ತಾನೆ. ನಮ್ಮ ಕಡೆ ನೆಲವೂ ಫರ್ಸಿ, ಕಟ್ಟೆಯೂ ಫರ್ಸಿ, ಬಟ್ಟೆ ಒಗೆಯುವುದೂ ಅದರ ಮೇಲೆ, ಹಳೆಯ ಮನೆಗಳಿಗೆ ಮಾಳಿಗೆಯೂ ಅದೇ. ಕಲ್ಲಿನ ನಡುವೆ ಹುಟ್ಟಿ ಬೆಳೆದವರಿಗೆ ಕಲ್ಲು ಕಣ್ಣಿಗೆ ಬೀಳುವುದಿಲ್ಲ. ನನಗೆ ಮಾತ್ರ ಬಿತ್ತು. ನಮ್ಮ ಅಡುಗೆಮನೆಯಲ್ಲಿ, ಅವ್ವ ರೊಟ್ಟಿ ಬಡಿಯಲು ಕೂರುವ ಜಾಗದ ಪಕ್ಕದ ಫರ್ಸಿಯೊಳಗೆ ಒಂದು ಗಿಡ ಇದೆ. ಗೇಣುದ್ದದ್ದು, ಕರಿಗಂದು ಬಣ್ಣದ್ದು. ಟೊಂಗೆಗೆ ಟೊಂಗೆ ಒಡೆದು ಕೊನೆಯಲ್ಲಿ ಕೂದಲೆಳೆಯಷ್ಟು ಸಣ್ಣಗಾಗಿ ಹರಡಿಕೊಂಡಿದೆ. ಉಜ್ಜಿದರೆ ಹೋಗುವುದಿಲ್ಲ, ಕೆರೆದರೆ ಬರುವುದಿಲ್ಲ. ಚಿಕ್ಕಂದಿನಲ್ಲಿ ನಾನು ಅದಕ್ಕೆ ದಿನಾ ನೀರು ಹಾಕುತ್ತಿದ್ದೆನಂತೆ. ಅವ್ವ ಅದನ್ನು ಇವತ್ತಿಗೂ ಬಂದವರ ಮುಂದೆಲ್ಲ ಹೇಳಿ ನನ್ನ ಮಾನ ತೆಗೆಯುತ್ತಾಳೆ.

ಕಲ್ಲಿನೊಳಗೆ ಗಿಡ ಹೇಗೆ ಬಂತು ಎಂದು ನಾನು ಕೇಳದವರಿಲ್ಲ. ಅಪ್ಪ, "ಗಿಡ ಇತ್ತು, ಕಲ್ಲು ಆತು, ಮುಗೀತು" ಅಂದ. ಅವ್ವ, "ದೇವರಿಗಿ ಕೈ ಖಾಲಿ ಇದ್ದಾಗ ಬರ್ದಾನ" ಅಂದಳು. ಸಾಲೆಯ ವಿಜ್ಞಾನದ ಮೇಷ್ಟ್ರು ಕನ್ನಡಕ ಏರಿಸಿ, "ಇದು ಪರೀಕ್ಷಾಕ್ಕ ಬರಂಗಿಲ್ಲ" ಅಂದರು. ಹೈದರಾಬಾದಿನ ಒಂದು ಕಾಲೇಜಿನಲ್ಲಿ ಭೂವಿಜ್ಞಾನ ಎಂಬ ವಿಷಯವೇ ಇದೆ, ಕಲ್ಲಿನ ಬಗ್ಗೆಯೇ ಕೂತು ಮೂರು ವರ್ಷ ಓದಬಹುದು ಎಂದು ಗೊತ್ತಾದ ದಿನ ನಾನು ಅಂಗಳದಲ್ಲಿ ಕುಣಿದುಬಿಟ್ಟೆ. "ಕಲ್ಲು ಓದಾಕ ಕಾಲೇಜು ಯಾಕ ಬೇಕು? ನಮ್ಮ ಕಾರ್ಖಾನಿಗಿ ಬಾ, ದಿನಾ ತೋರಸ್ತೀನಿ" ಎಂದು ಅಪ್ಪ ಕಾಲೆಳೆದ. ಆದರೂ ಅರ್ಜಿಗೆ ಸಹಿ ಹಾಕಿದ, ಅದೂ ಎರಡು ಕಡೆ ಹಾಕಬೇಕಾದಲ್ಲಿ ಮೂರು ಕಡೆ.

ಪಿಯುಸಿ ಅಂಕಗಳು ಸಾಕಷ್ಟಿದ್ದವು. ಅಡ್ಡ ಉಳಿದದ್ದು ಒಂದೇ. ಕಾಲೇಜಿನವರು ಇಂಗ್ಲಿಷ್ ಮಾತನಾಡುವ ಪರೀಕ್ಷೆ ಇಟ್ಟಿದ್ದರು. ಅದರಲ್ಲಿ ನೂರಕ್ಕೆ ಅರವತ್ತು ಬರಲೇಬೇಕು. ಬರದಿದ್ದರೆ ಕಲ್ಲೂ ಇಲ್ಲ, ಗಿಡವೂ ಇಲ್ಲ, ಹೈದರಾಬಾದೂ ಇಲ್ಲ.

ಚಿತ್ತಾಪುರದಲ್ಲಿ ನಿವೃತ್ತ ಇಂಗ್ಲಿಷ್ ಮೇಷ್ಟ್ರೊಬ್ಬರಿದ್ದರು. ಸುತ್ತಲಿನವರೆಲ್ಲ ಅವರನ್ನು ಬರೀ ಸರ್ ಎಂದು ಕರೆಯುತ್ತಿದ್ದರು. ಭಾನುವಾರ ಭಾನುವಾರ ತಮ್ಮ ಮನೆಯ ಮುಂದಿನ ಬೇವಿನ ಗಿಡದ ಕೆಳಗೆ ಪಾಠ ಹೇಳುತ್ತಿದ್ದರು. ಆ ವರ್ಷ ಅದೇ ಕಾಲೇಜಿನ ಬೇರೆ ಬೇರೆ ವಿಷಯಗಳಿಗೆ ಅರ್ಜಿ ಹಾಕಿ ಅವರ ಬಳಿ ಬಂದವರು ಐದು ಮಂದಿ. ಶಹಾಬಾದದಿಂದ ನಾನು, ವಾಡಿಯಿಂದ ರೈಲ್ವೆ ಕ್ವಾರ್ಟರ್ಸಿನ ಒಬ್ಬ ಹುಡುಗಿ, ಸೇಡಂನಿಂದ ಒಬ್ಬ, ಚಿತ್ತಾಪುರದವನೇ ಒಬ್ಬ, ಮತ್ತೆ ಚಿಂಚೋಳಿಯ ಆಚೆ ಕುಂಚಾವರಂ ಕಡೆಯಿಂದ ಇನ್ನೊಬ್ಬಳು. ಈ ಕುಂಚಾವರಂ ಹುಡುಗಿ ನಸುಕಿಗೆ ಎದ್ದು ಬಸ್ಸಿನಲ್ಲಿ ಸೇಡಂಗೆ ಬಂದು ಅಲ್ಲಿಂದ ರೈಲು ಹಿಡಿಯುತ್ತಿದ್ದಳು. ಬಸ್ಸಿನಲ್ಲಿ ಬಾಯಿ ತೆರೆದರೆ ಸಂಜೆ ತಿರುಗಿ ಬಸ್ಸು ಹತ್ತುವವರೆಗೆ ಮುಚ್ಚುತ್ತಿರಲಿಲ್ಲ. ತೆಲುಗು, ಕನ್ನಡ, ಉರ್ದು ಮೂರನ್ನೂ ಒಂದೇ ಮಾತಿನಲ್ಲಿ ಕಲೆಸಿ ಕೊಡುತ್ತಿದ್ದಳು. ಅವಳನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತಾಳೆ.

ಸರ್ ಮನೆಮಾತು ದಖನಿ ಉರ್ದು. ಅವರ ಬಾಗಿಲಿಗೆ ಯಾರೇ ಬರಲಿ, ಬಾಯಿಂದ ಬರುವ ಮೊದಲ ಮಾತು "ಊಟ ಆಯ್ತೇನು?" ಎಂದೇ. ಬೆಳಗಿನ ಎಂಟಕ್ಕೆ ಹೋದರೂ ಅದೇ, ಸಂಜೆ ನಾಲ್ಕಕ್ಕೆ ಹೋದರೂ ಅದೇ. ಕೇಳಿ ನಮ್ಮ ಮುಖ ನೋಡುತ್ತ ಸುಮ್ಮನೆ ನಿಲ್ಲುತ್ತಿದ್ದರು. ನಾವು ಆಯಿತೆಂದೋ ಇಲ್ಲವೆಂದೋ ಹೇಳದ ಹೊರತು ಪುಸ್ತಕ ತೆರೆಯುತ್ತಿರಲಿಲ್ಲ. ಇದೇನೂ ಅವರೊಬ್ಬರ ಚಟವಲ್ಲ. ನಮ್ಮ ಕಡೆ ಕಂಡಕ್ಟರು ಕೇಳುತ್ತಾನೆ, ಆಸ್ಪತ್ರೆಯ ನರ್ಸಮ್ಮ ಸೂಜಿ ಚುಚ್ಚುವ ಮೊದಲು ಕೇಳುತ್ತಾಳೆ, ಜಗಳಕ್ಕೆಂದೇ ಬಂದವರೂ ಮೊದಲು ಅದನ್ನು ಕೇಳಿ ಆಮೇಲೆ ಜಗಳ ತೆಗೆಯುತ್ತಾರೆ.

ನಮ್ಮ ಐವರಿಗೂ ಇಂಗ್ಲಿಷ್ ಪುಸ್ತಕದಲ್ಲಿ ಬರುತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ. ಎದುರಿಗೆ ಯಾರಾದರೂ ಕೂತರೆ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. ಎರಡನೆಯ ಭಾನುವಾರ ಸರ್ ಇದಕ್ಕೊಂದು ಮದ್ದು ಕೊಟ್ಟರು.

"ನೋಡ್ರಿ ಬೇಟಾ," ಅಂದರು, "ಕನ್ನಡದಾಗ ಊಟ ಆತೇನ್ರಿ ಅಂತೀವಿ. ನಮ್ಮ ಮನ್ಯಾಗ ಖಾನಾ ಹುವಾ ಕ್ಯಾ ಅಂತಾರ. ಕುಂಚಾವರಂ ಕಡಿ ತಿನ್ನಾರಾ ಅಂತಾರ. ಇಂಗ್ಲಿಷ್‌ದಾಗ ನಾವು ಯಾರಿಗೂ ಹಂಗ ಕೇಳಿಲ್ಲ. ಅದಕ್ಕೇ ಅದು ನಮಗ ಪರಕೀಯ ಅನಸ್ತದ. ಎದುರಿಗಿ ಯಾರರೆ ಇರಲಿ, ಮೊದಲು ಕೇಳ್ರಿ. ಹ್ಯಾವ್ ಯೂ ಈಟನ್, ಮೇಡಂ? ಅಷ್ಟು ಕೇಳಿದ್ರ ಅವರು ನಮ್ಮವರ ಆಗ್ತಾರ, ಅಂಜಿಕಿ ಹೋಗ್ತದ."

"ಕೇಳಿ ಏನ್ ಮಾಡಬೇಕ್ರಿ ಸರ್?" ಎಂದ ಸೇಡಂ ಹುಡುಗ.

"ಸುಮ್ಮನಿರಬೇಕು. ಅವರು ಹೇಳೂತನಾ ಮುಂದ ಹೋಗಬ್ಯಾಡ್ರಿ. ಕೇಳಿದಂಗ ಮಾಡಿ ತಮ್ದೇ ಬಡಬಡ ಶುರು ಮಾಡೋದು ಮರ್ಯಾದಿ ಅಲ್ಲ."

ನಗಬೇಡಿ, ಆ ಮದ್ದು ಕೆಲಸ ಮಾಡಿತು. ಮುಂದಿನ ಆರು ಭಾನುವಾರ ನಾವು ಐವರು ಬೇವಿನ ಗಿಡದ ಕೆಳಗೆ ಒಬ್ಬರನ್ನೊಬ್ಬರು ಇಂಗ್ಲಿಷಿನಲ್ಲಿ ಊಟ ಕೇಳಿದ್ದೇ ಕೇಳಿದ್ದು. ಏನು ತಿಂದೆ, ಯಾರು ಮಾಡಿದ್ದು, ಉಪ್ಪು ಜಾಸ್ತಿಯಾಗಿತ್ತೇ, ಹೀಗೆ ಅಲ್ಲಿಂದ ಮಾತು ತಾನೇ ಹರಿಯತೊಡಗಿತು. ಪುಂಡಿಪಲ್ಯೆಯ ಬಗ್ಗೆ ನಾನು ಇಂಗ್ಲಿಷಿನಲ್ಲಿ ಹತ್ತು ನಿಮಿಷ ಮಾತಾಡಿದ ದಿನ ಸರ್ ಚಹಾದ ಜೊತೆ ಖಾರಾ ತರಿಸಿದರು. ನನಗಂತೂ ಅರವತ್ತಲ್ಲ, ತೊಂಬತ್ತು ಗ್ಯಾರಂಟಿ ಅನ್ನಿಸಿತ್ತು.

ಪರೀಕ್ಷೆ ಕಲಬುರಗಿಯ ಒಂದು ಕೇಂದ್ರದಲ್ಲಿ, ಮಧ್ಯಾಹ್ನ ಎರಡಕ್ಕೆ. ಎದುರಿಗೆ ಯಾರಾದರೂ ಮನುಷ್ಯರು ಕೂತಿರುತ್ತಾರೆ ಎಂದುಕೊಂಡು ಹೋದರೆ ಅಲ್ಲಿದ್ದದ್ದು ಸಾಲು ಕಂಪ್ಯೂಟರು, ಒಂದೊಂದಕ್ಕೂ ಒಂದು ಹೆಡ್‌ಫೋನು. ಕೇಂದ್ರದ ಮೇಲ್ವಿಚಾರಕರು ಅವಸರದಲ್ಲಿದ್ದರು. "ಅಲ್ಲಿಂದ ಮೇಡಂ ಕೇಳ್ತಾರ, ಇಲ್ಲಿಂದ ನೀವು ಹೇಳ್ರಿ. ಮೂರು ಪ್ರಶ್ನಿ. ಬೀಪ್ ಆದ ಮ್ಯಾಲ ಒಂದೊಂದಕ್ಕ ಒಂದು ನಿಮಿಷ. ಕುಂದ್ರಿ, ಕುಂದ್ರಿ" ಎಂದು ಹೇಳಿ ಹೊರಗೆ ಹೋದರು. ಮೇಡಂ ಕೇಳುತ್ತಾರೆ ಎಂದರೆ ಎಲ್ಲೋ ಒಬ್ಬ ಮೇಡಂ ಕುಳಿತಿದ್ದಾರೆ ಎಂದೇ ನಾವು ತಿಳಿದೆವು. ಫೋನಿನಲ್ಲಿ ಬರುವ ಯಂತ್ರದ ದನಿಗಳು ನಮಗೆ ಗೊತ್ತಿರಲಿಲ್ಲವೆಂದಲ್ಲ. ಆದರೆ ಈ ದನಿ ಎಷ್ಟು ಸವಿಯಾಗಿತ್ತೆಂದರೆ, ನಡುವೆ ಉಸಿರು ಬೇರೆ ತೆಗೆದುಕೊಳ್ಳುತ್ತಿತ್ತು.

"ಹಲೋ," ಎಂದಿತು ಇಂಗ್ಲಿಷಿನಲ್ಲಿ, "ನಿಮ್ಮನ್ನು ಭೇಟಿಯಾಗಿ ಸಂತೋಷವಾಯಿತು. ಹೇಗಿದ್ದೀರಿ? ನಿಮ್ಮ ಇವತ್ತಿನ ಬೆಳಗಿನ ಬಗ್ಗೆ ಹೇಳಿ." ಬೀಪ್.

ನಾನು ಬೆನ್ನು ನೆಟ್ಟಗೆ ಮಾಡಿ, ಚೆನ್ನಾಗಿದ್ದೇನೆ ಮೇಡಂ ಎಂದು ಹೇಳಿ, ಕಲಿತಂತೆ ಕೇಳಿದೆ. ಹ್ಯಾವ್ ಯೂ ಈಟನ್, ಮೇಡಂ? ಕೇಳಿ ಸುಮ್ಮನಾದೆ. ಪರದೆಯ ಮೇಲೆ ಹಸಿರು ಗೆರೆಯೊಂದು ಅಲ್ಲಾಡದೆ ಮಲಗಿತ್ತು. ಎರಡು ಗಂಟೆಯಾಗಿದೆ, ಪಾಪ, ಊಟ ಆಗಿರಲಿಕ್ಕಿಲ್ಲ, ಹೇಳಲು ಸಂಕೋಚಪಡುತ್ತಿದ್ದಾರೆ ಅಂದುಕೊಂಡೆ. ಇನ್ನೂ ಸ್ವಲ್ಪ ಕಾದೆ. ಕೊನೆಗೆ ನಾನೇ ಬೆಳಗಿನ ಬಗ್ಗೆ ಎರಡು ಮಾತು ಹೇಳುವಷ್ಟರಲ್ಲಿ ನಿಮಿಷ ಮುಗಿಯಿತು. "ಧನ್ಯವಾದ, ಬಹಳ ಸ್ವಾರಸ್ಯಕರವಾಗಿತ್ತು" ಎಂದರು ಮೇಡಂ. ಸ್ವಾರಸ್ಯಕರ ಎಂದವರು ಊಟದ ವಿಷಯ ಮಾತ್ರ ಎತ್ತಲಿಲ್ಲ.

ಎರಡನೆಯದು ಚಿತ್ರ ನೋಡಿ ವಿವರಿಸುವುದು. ಚಿತ್ರದಲ್ಲಿ ಸಮುದ್ರ. ನಾಲ್ಕು ಜನ ಅರೆಬರೆ ಬಟ್ಟೆಯಲ್ಲಿ ಮಲಗಿದ್ದಾರೆ, ನಾಲ್ಕು ಜನಕ್ಕೆ ಒಂದೇ ಛತ್ರಿ. ನಾನು ಅಲ್ಲಿಯವರೆಗೆ ನೋಡಿದ ದೊಡ್ಡ ನೀರೆಂದರೆ ಚಂದ್ರಂಪಳ್ಳಿಯ ಅಣೆಕಟ್ಟು, ಅಲ್ಲಿ ಯಾರೂ ಹೀಗೆ ಮಲಗಿರಲಿಲ್ಲ. ಏನಾದರಾಗಲಿ, ಮೊದಲ ಪ್ರಶ್ನೆಗೆ ಅವರು ಉತ್ತರ ಕೊಡದಿದ್ದರೆ ನನ್ನ ದನಿ ಮುಟ್ಟಿರಲಿಕ್ಕಿಲ್ಲವೆಂದು ಎಣಿಸಿ, ಈ ಸಲ ಇನ್ನೂ ಜೋರಾಗಿ ಕೇಳಿದೆ. ನೀವು ಹೇಳಲೇ ಇಲ್ಲ ಮೇಡಂ, ಊಟ ಮಾಡಿದ್ದೀರಾ? ಮತ್ತೆ ಮೌನ. ಕಾದು ಕಾದು ಸಾಕಾಗಿ, ಛತ್ರಿ ಸಣ್ಣದಾಯಿತು ಎಂದು ಹೇಳಿ ಮುಗಿಸಿದೆ.

ಮೂರನೆಯ ಪ್ರಶ್ನೆ ಬಂದಾಗ ನನ್ನ ಎದೆ ಹಿಗ್ಗಿತು. ನಿಮ್ಮ ಮನೆಯಲ್ಲಿರುವ ಒಂದು ವಸ್ತುವಿನ ಬಗ್ಗೆ ಹೇಳಿ. ಗಿಡ, ಇನ್ನೇನು. ಆದರೆ ಮರ್ಯಾದೆ ಬಿಡುವಂತಿಲ್ಲವಲ್ಲ, ಮೂರನೆಯ ಸಲ ಕೇಳಿ ಸುಮ್ಮನಾದೆ. ಆ ಮೌನದಲ್ಲಿ ಹೆಡ್‌ಫೋನಿನ ಆಚೆಯಿಂದ ಒಂದು ದನಿ ಕೇಳಿಸಿತು. ಹಿಂದಿನ ಸಾಲಿನಲ್ಲಿ ವಾಡಿಯ ಹುಡುಗಿ, ಹ್ಯಾವ್ ಯೂ ಈಟನ್, ಮೇಡಂ? ಎಡಗಡೆಯಿಂದ ಸೇಡಂನವನು, ಅದೇ. ಬಾಗಿಲ ಬಳಿಯಿಂದ ಚಿತ್ತಾಪುರದವನು, ಅದೇ. ಐದು ಕಂಪ್ಯೂಟರಿಗೆ ಒಬ್ಬರೇ ಮೇಡಂ, ಒಂದೇ ಹೊತ್ತಿಗೆ ಐದು ಕಡೆ ಮಾತಾಡುತ್ತಿದ್ದಾರೆ, ಒಬ್ಬರಿಗೂ ಉತ್ತರ ಕೊಡುತ್ತಿಲ್ಲ. ಆಗ ನನಗೆ ಹೊಳೆಯಿತು, ಮೇಡಂ ಇಲ್ಲವೇ ಇಲ್ಲ. ಬಂತು ನೋಡಿ ನಗು. ಬಾಯಿಗೆ ದುಪಟ್ಟ ತುರುಕಿದರೂ ನಿಲ್ಲಲಿಲ್ಲ. ಹಸಿರು ಗೆರೆ ಈಗ ಮೇಲಕ್ಕೂ ಕೆಳಕ್ಕೂ ಜಿಗಿಯುತ್ತಿತ್ತು, ನನ್ನ ನಗುವಿಗೆ. ಅಂತೂ ಸಾವರಿಸಿಕೊಂಡು ಶುರು ಮಾಡಿದೆ. ನಮ್ಮ ಅಡುಗೆಮನೆಯ ಕಲ್ಲಿನೊಳಗೆ ಒಂದು ಗಿಡ ಇದೆ, ಅದು ಅಲ್ಲಿಗೆ ಹೇಗೆ ಬಂತೆಂದರೆ. ಬೀಪ್.

ಹೊರಗೆ ಬಂದು ಐವರೂ ಮೆಟ್ಟಿಲ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ದಾರಿಹೋಕರು ನಿಂತು ನೋಡಿದರು. ಕುಂಚಾವರಂ ಹುಡುಗಿ ಮಾತ್ರ ಇನ್ನೂ ಸಿಟ್ಟಿನಲ್ಲಿದ್ದಳು. "ನಾ ಏನ್ ಸುಮ್ಮ ಬಿಟ್ಟೀನಾ ಅಕಿಗಿ? ಉತ್ತರ ಕೊಡಲಿಲ್ಲ ಅಂದ್ರ ತಿಂದಿಲ್ಲಂತ ಗೊತ್ತಾತು. ಖಾಲಿ ಹೊಟ್ಟ್ಯಾಗ ಕೆಲಸಕ್ಕ ಕುಂದ್ರಬಾರದು, ನಮ್ಮ ಕಾಕಾ ಹಿಂಗ ಮಾಡೇ ಗ್ಯಾಸ್ಟ್ರಿಕ್ ಮಾಡ್ಕೊಂಡ ಅಂತ ಇಂಗ್ಲಿಷ್‌ದಾಗ ಒಂದು ನಿಮಿಷ ಬೈದೀನಿ. ಮೂರೂ ಸಲ ಬೈದೀನಿ." ನಾವು ಮತ್ತೆ ನಕ್ಕೆವು. ಪಾಪ, ಇವಳ ಕತೆ ಮುಗಿಯಿತು ಅಂದುಕೊಂಡೆವು.

ಹತ್ತು ದಿನಕ್ಕೆ ಫಲಿತಾಂಶ ಬಂತು. ಕುಂಚಾವರಂ ಹುಡುಗಿಗೆ ಎಂಬತ್ತೊಂದು. ಮಾತಿನ ಓಘ ಅತ್ಯುತ್ತಮ ಎಂದು ಷರಾ. ಉಳಿದ ಮೂವರು ಕೇಳಿ, ಒಂದೆರಡು ಗಳಿಗೆಯಷ್ಟೇ ಕಾದು ಮಾತು ಮುಂದುವರಿಸಿ, ಅಂತೂ ದಡ ಮುಟ್ಟಿದ್ದರು. ಮೂರು ಪ್ರಶ್ನೆಗೂ ಮೂರು ಸಲ ಕೇಳಿ ಮೂರು ಸಲವೂ ನಿಮಿಷ ಮುಗಿಯುತ್ತ ಬರುವವರೆಗೆ ಬಾಯಿ ಮುಚ್ಚಿಕೊಂಡು ಕಾದ ಬುದ್ಧಿವಂತೆ ನಾನೊಬ್ಬಳೇ. ಐವತ್ತಾರು. ನನ್ನ ಹಾಳೆಯ ಮೇಲೆ, ದೀರ್ಘ ಮೌನ, ಮಾತನಾಡುವ ಸಾಮರ್ಥ್ಯ ಸಾಲದು ಎಂದಿತ್ತು.

ಆಗ ನಗು ಬರಲಿಲ್ಲ. ಅಡುಗೆಮನೆಯಲ್ಲಿ ಆ ಫರ್ಸಿಯ ಪಕ್ಕ ಕೂತು ಅತ್ತೆ. ಸಂಕಟಕ್ಕಿಂತ ಸಿಟ್ಟು ಹೆಚ್ಚಿತ್ತು. ನನ್ನ ಇಂಗ್ಲಿಷ್ ಅಳೆಯಬೇಕಾದವರು ನನ್ನ ನಡತೆಯನ್ನು ಅಳೆದು, ಅದರ ಮೇಲೆ ಇಂಗ್ಲಿಷ್ ಎಂದು ಬರೆದರೆ ಯಾವ ನ್ಯಾಯ? ಎದುರಿನವರಿಗೆ ಮಾತಾಡಲು ಜಾಗ ಕೊಟ್ಟವಳಿಗೆ ಭಾಷೆ ಬರುವುದಿಲ್ಲ, ಕೊಡದವಳಿಗೆ ಬರುತ್ತದೆ, ಇದೆಂಥ ಲೆಕ್ಕ? ಗೆಳತಿಯ ಎಂಬತ್ತೊಂದರ ಮೇಲೆ ನನಗೆ ಹೊಟ್ಟೆಕಿಚ್ಚಿರಲಿಲ್ಲ, ಅವಳು ನಿಜಕ್ಕೂ ಚೆನ್ನಾಗಿ ಬೈದಿದ್ದಳು. ಆದರೆ ಅವಳಿಗೆ ಬರುವಷ್ಟು ನನಗೂ ಬರುತ್ತಿತ್ತು.

ಮುಂದಿನ ಭಾನುವಾರ ಚಿತ್ತಾಪುರಕ್ಕೆ ಹೋದೆ. ಸರ್ ಕುರ್ಚಿಯಲ್ಲಿ ಕೂತಿದ್ದರು. ನನ್ನನ್ನು ನೋಡಿ, "ಬಾ" ಅಂದರು. ಅಷ್ಟೇ. ಊಟ ಆಯ್ತೇನು ಎಂದು ಕೇಳಲಿಲ್ಲ. ನಾನು ಕಾದೆ. ಅವರು ನೆಲ ನೋಡುತ್ತಿದ್ದರು. "ನಾ ಕಲಿಸಿದ್ದೇ ನಿನಗ ಅಡ್ಡ ಬಂತು ಬೇಟಾ. ಇಷ್ಟು ವರ್ಷ ಏನ್ ಕಲಿಸಿದ್ನೋ ಏನೋ." ಐವತ್ತಾರು ಅಂಕಕ್ಕಿಂತ ಅವರು ಕೇಳದೇ ಹೋದದ್ದು ನನ್ನನ್ನು ಹೆಚ್ಚು ಅಲುಗಿಸಿತು. ಆಮೇಲೆ ಗೆಳೆಯರು ಹೇಳಿದರು, ಸರ್ ಈಗ ಯಾರನ್ನೂ ಕೇಳುವುದಿಲ್ಲವಂತೆ, ಹಾಲಿನವನನ್ನೂ ಕೇಳುವುದಿಲ್ಲವಂತೆ.

ಮರುಮೌಲ್ಯಮಾಪನಕ್ಕೆ ಅವಕಾಶವಿತ್ತು. ಅರ್ಜಿ ಹಾಕಿದರೆ ಕಾಲೇಜಿನ ಇಂಗ್ಲಿಷ್ ವಿಭಾಗದವರೊಬ್ಬರು ಧ್ವನಿಮುದ್ರಣವನ್ನು ಕೇಳುತ್ತಾರೆ. ಕಾರಣ ಬರೆಯಲು ಇದ್ದದ್ದು ಇನ್ನೂರು ಅಕ್ಷರದ ಜಾಗ. ಸರ್ ಮೊದಲು ಎರಡು ಪುಟ ಬರೆದರು, ಅದರಲ್ಲಿ ನಮ್ಮ ಸೀಮೆಯ ಇತಿಹಾಸವೇ ಇತ್ತು. ನಾನು ಕೊಯ್ದೆ. ಅವರು ಸೇರಿಸಿದರು. ಮತ್ತೆ ಕೊಯ್ದೆ. "ಅಷ್ಟು ವಿನಯಾ ಯಾಕ್ರಿ ಸರ್, ವಿನಯದಿಂದಲೇ ಅಲ್ಲೇನ್ರಿ ಕೆಟ್ಟಿದ್ದು?" ಅಂದೆ. ಎಷ್ಟೋ ದಿನದ ಮೇಲೆ ಅವರು ನಕ್ಕರು. ಕೊನೆಗೆ ಉಳಿದದ್ದು ಎರಡು ಸಾಲು. ನಾನು ಊಟ ಆಯಿತೇ ಎಂದು ಕೇಳಿ ಉತ್ತರಕ್ಕೆ ಕಾಯುತ್ತಿದ್ದೆ. ನಮ್ಮ ಊರಲ್ಲಿ ಉತ್ತರ ಬರುವ ಮೊದಲು ಮುಂದೆ ಮಾತಾಡುವುದು ತಪ್ಪು.

ಮೂರು ವಾರ ಏನೂ ಬರಲಿಲ್ಲ. ಸೀಟು ತುಂಬುವ ಕೊನೆಯ ವಾರ ಶುರುವಾಯಿತು. ಅಪ್ಪ ಕಾರ್ಖಾನೆಯಲ್ಲಿ ನನಗೊಂದು ಲೆಕ್ಕ ಬರೆಯುವ ಕೆಲಸ ಕೇಳಿಡಲೇ ಎಂದು ಅವ್ವನ ಹತ್ತಿರ ಪಿಸುಗುಟ್ಟಿದ್ದು ನನಗೆ ಕೇಳಿಸಿತು. ಯಂತ್ರದ ಸದ್ದಿಗೆ ಅರ್ಧ ಕಿವುಡಾದ ಮನುಷ್ಯನ ಪಿಸುಮಾತು, ಕೇಳದೆ ಇರುತ್ತದೆಯೇ.

ಒಂದು ಮಧ್ಯಾಹ್ನ ಅವ್ವ ರೊಟ್ಟಿ ಬಡಿಯುತ್ತಿದ್ದಳು, ನಾನು ಪಕ್ಕದಲ್ಲಿ ಹಿಟ್ಟು ನಾದುತ್ತಿದ್ದೆ. ಗೊತ್ತಿಲ್ಲದ ನಂಬರಿನಿಂದ ಫೋನು. ಹಿಟ್ಟಿನ ಕೈಯಲ್ಲೇ ಎತ್ತಿದೆ. ಒಬ್ಬ ಹೆಂಗಸಿನ ದನಿ, ಇಂಗ್ಲಿಷಿನಲ್ಲಿ, ಸ್ವಲ್ಪ ಕೆಮ್ಮಿ ಹೇಳಿತು.

"ಹೌದು, ನನ್ನ ಊಟ ಆಯಿತು. ಮೊಸರನ್ನ. ಉತ್ತರ ತಡವಾಯಿತು, ಕ್ಷಮಿಸಬೇಕು."

ಅವ್ವ ಹುಬ್ಬು ಹಾರಿಸಿ, "ಯಾರದು?" ಎಂದಳು.

"ಮೇಡಂ ಊಟ ಮಾಡ್ಯಾರಂತ" ಅಂದೆ.

"ಚಲೋ ಆತು" ಎಂದು ಅವ್ವ ರೊಟ್ಟಿ ತಿರುವಿದಳು.

"ಈಗ ಹೇಳಿ," ಎಂದರು ಮೇಡಂ, "ಕಲ್ಲಿನೊಳಗಿನ ಗಿಡದ ವಿಷಯ. ಅಲ್ಲಿಗೇ ನಿಂತುಹೋಗಿದೆ. ನಾನು ಎರಡು ದಿನದಿಂದ ಅದನ್ನೇ ಯೋಚಿಸುತ್ತಿದ್ದೇನೆ."

ನಾನು ಹೇಳಿದೆ. ಎಷ್ಟು ಹೊತ್ತು ಹೇಳಿದೆನೋ ಗೊತ್ತಿಲ್ಲ. ಬಣ್ಣ ಹೇಳಿದೆ, ಟೊಂಗೆ ಹೇಳಿದೆ, ನೀರು ಹಾಕುತ್ತಿದ್ದದ್ದನ್ನೂ ಹೇಳಿ ನನ್ನ ಮಾನ ನಾನೇ ತೆಗೆದುಕೊಂಡೆ. ಇಂಗ್ಲಿಷ್ ಎಲ್ಲಿಂದ ಬರುತ್ತಿದೆ ಎಂದು ನನಗೇ ಬೆರಗು. ಹೇಳಿ ಮುಗಿಸಿ, ಇದಕ್ಕೆ ಎಷ್ಟು ಅಂಕ ಕೊಡುತ್ತೀರಿ ಎಂದು ನಾಚಿಕೆ ಬಿಟ್ಟು ಕೇಳಿಯೇಬಿಟ್ಟೆ.

"ಇದಕ್ಕೆ ಅಂಕ ಇಲ್ಲ," ಎಂದರು. "ಧ್ವನಿಮುದ್ರಣದಲ್ಲಿ ಇದ್ದದ್ದಕ್ಕಷ್ಟೇ ನಾನು ಕೊಡಬಹುದು. ಅದನ್ನು ನಿನ್ನೆಯೇ ಕೊಟ್ಟಾಗಿದೆ. ನೀವು ಕಾದದ್ದನ್ನು ತಪ್ಪೆಂದು ಎಣಿಸದಿದ್ದರೆ ಅರವತ್ತೆಂಟು ಬರುತ್ತದೆ. ಸಂಜೆ ಪಟ್ಟಿಯಲ್ಲಿ ನೋಡಿಕೊಳ್ಳಿ, ಸೀಟು ಇದೆ."

"ಮತ್ತೆ ಫೋನ್ ಯಾಕೆ ಮಾಡಿದಿರಿ ಮೇಡಂ?"

"ನೀವು ಕೇಳಿದ್ದಿರಲ್ಲ. ಮೂರು ಸಲ. ಯಾರೂ ಉತ್ತರ ಕೊಟ್ಟಿರಲಿಲ್ಲ."

ಅದು ಗಿಡವಲ್ಲ ಎಂದು ಈಗ ನನಗೆ ಗೊತ್ತು. ಕಲ್ಲಿನ ಸಂದಿಯಲ್ಲಿ ಇಳಿದ ನೀರು ತನ್ನೊಳಗಿನ ಮ್ಯಾಂಗನೀಸನ್ನು ಬಿಟ್ಟುಹೋದ ಗುರುತು ಅದು. ಮೊದಲ ವರ್ಷದ ರಜೆಯಲ್ಲಿ ಇದನ್ನು ಹೇಳಿದಾಗ ಅಪ್ಪ, "ಅಂದ್ರ ನೀ ನೀರು ಹಾಕಿದ್ದು ಖರೇ ಇತ್ತು" ಎಂದುಬಿಟ್ಟ. ಆ ಪರೀಕ್ಷೆ ಇನ್ನೂ ನಡೆಯುತ್ತದೆ, ಅದೇ ಸವಿ ದನಿ ಇನ್ನೂ ಭೇಟಿಯಾಗಿ ಸಂತೋಷವಾಯಿತು ಅನ್ನುತ್ತದೆ. ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕದೆ ಮನೆಗೆ ಹೋದವರು ಎಷ್ಟು ಮಂದಿಯೋ. ಅವರನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ.

ಆದರೆ ಆ ಮಧ್ಯಾಹ್ನ ನನಗೆ ಇದಾವುದರ ಪರಿವೆಯೂ ಇರಲಿಲ್ಲ. ಫೋನ್ ಇಟ್ಟವಳೇ ಸರ್‌ಗೆ ಹಚ್ಚಿದೆ. ಮೇಡಂ ಫೋನ್ ಮಾಡಿದ್ದರು, ಊಟ ಆಯಿತು ಎಂದು ಹೇಳಲು ಮಾಡಿದ್ದರು ಎಂದು ಒಂದೇ ಉಸಿರಿಗೆ ಹೇಳಿದೆ. ಸೀಟಿನ ಮಾತು ಬಾಯಿಯ ತುದಿಯಲ್ಲಿತ್ತು. ಸರ್ ನಡುವೆಯೇ ತಡೆದರು.

"ಏನ್ ಊಟ ಮಾಡ್ಯಾರಂತ?"

"ಮೊಸರನ್ನ ಅಂತರಿ."

"ಬರೇ ಮೊಸರನ್ನಾ? ಅದು ಊಟಲ್ಲ. ಹೋಗೂ ಮುಂದ ನಾಕು ಸಜ್ಜಿ ರೊಟ್ಟಿ, ಹಚ್ಕೊಂಡು ತಿನ್ನಾಕ ಶೇಂಗಾ ಹಿಂಡಿ ಒಯ್ಯಿ ಅವರಿಗಿ."

ಹೋಗುವಾಗ ಎಂದರೆ ಎಲ್ಲಿಗೆ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಸೀಟು ಸಿಕ್ಕಿದೆ ಎಂದು ಅವರಿಗೆ ನಾನು ಹೇಳದೆಯೇ ತಿಳಿದಿತ್ತು. ಆಮೇಲೆ, ಒಂದು ತಿಂಗಳಿಂದ ಯಾರನ್ನೂ ಕೇಳದಿದ್ದವರು ಕೇಳಿದರು.

"ನಿಂದು ಊಟ ಆಯ್ತೇನು ಬೇಟಾ?"

ಬಾಯಿ ತೆರೆದರೆ ಅಳು ಬರುತ್ತದೆಯೋ ನಗು ಬರುತ್ತದೆಯೋ ಗೊತ್ತಾಗದೆ ಹಿಟ್ಟಿನ ಕೈಯಲ್ಲಿ ಫೋನು ಹಿಡಿದುಕೊಂಡು ಕೂತೆ. ಒಂದು ನಿಮಿಷವೇ ಆಗಿರಬೇಕು. ಸರ್ ಏನೂ ಅನ್ನಲಿಲ್ಲ, ಕಾದರು.

"ಇನ್ನೂ ಇಲ್ರಿ ಸರ್," ಎಂದೆ. "ಈಗ ಕುಂದರ್ತೀನಿ."